ಸ್ಪ್ಯಾನಿಷ್ ಕ್ರಿಯಾಪದಗಳ ಉಚ್ಚಾರಣೆಗೆಂದೇ ಒಂದು ಆನ್‌ಲೈನ್ ಕೋರ್ಸ್: ಮುಗಿಸಿದ ಮೇಲೆ ಅನಿಸಿದ್ದು

ಸ್ಪ್ಯಾನಿಷ್‌ನ 'ಅಬ್ಲೊ'ದಲ್ಲಿ 'ಅ' ಒತ್ತಿ ಹೇಳಿದರೆ 'ಮಾತಾಡುತ್ತೇನೆ'. 'ಬ್ಲೊ' ಒತ್ತಿದರೆ 'ಅವನು ಮಾತಾಡಿದ'. ಎರಡು ವರ್ಷ ಕಲಿತರೂ ನನಗೆ ಇದು ತಪ್ಪುತ್ತಲೇ ಇತ್ತು. ಕನ್ನಡದ ಕಿವಿ ಹುಡುಕುವುದು ದೀರ್ಘವನ್ನು. ಬಡಿ, ಬಾಡಿ ಬೇರೆ ಅಂತ ಥಟ್ಟನೆ ಗೊತ್ತಾಗುತ್ತದೆ, ಒತ್ತು ಎಲ್ಲಿ ಬಿತ್ತು ಅನ್ನುವುದು ಗೊತ್ತೇ ಆಗುವುದಿಲ್ಲ. ಅದಕ್ಕೇ ಎಂಟು ಪಾಠಗಳ ಈ ಕೋರ್ಸಿಗೆ ಸೇರಿದೆ.

ಮೊದಲೆರಡು ಪಾಠ ಬರೀ ಪದ ಬಿಡಿಸುವುದು. 'ಅಬ್ಲಾರ್' ಅನ್ನು ಅ-ಬ್ಲಾರ್ ಅಂತ, ನಾವು ಅಕ್ಷರ ಬಿಡಿಸಿದ ಹಾಗೇ ಒಡೆಯಬೇಕು. ಆದರೆ 'ಕೊಸ್ತಾರ್' ಬಂದಾಗ ಆ ಅಭ್ಯಾಸ ಕೈಕೊಡುತ್ತದೆ. ನಾವು ಬರೆಯುವಾಗ 'ಸ' ಮುಂದಿನ ಅಕ್ಷರಕ್ಕೆ ಅಂಟುತ್ತದೆ, ಅವರಿಗೆ ಅದು ಹಿಂದಿನದಕ್ಕೆ ಸೇರಿದ್ದು: ಕೊಸ್-ತಾರ್.

ನಾಲ್ಕನೇ ಪಾಠವನ್ನು ಮೂರು ಸಲ ಕೇಳಿದೆ. 'ಪೊದೆರ್', ಅಂದರೆ 'ಸಾಧ್ಯವಾಗು'. ಅದರ ರೂಪಗಳನ್ನು ಟೇಬಲ್ ನೋಡಿ ಬಾಯಿಪಾಠ ಮಾಡಿದ್ದೆ, ಕಾರಣ ಗೊತ್ತಿರಲಿಲ್ಲ. ಇಲ್ಲಿ ಟೀಚರ್ ಟೇಬಲ್ ತೋರಿಸಲೇ ಇಲ್ಲ. ಒತ್ತು ಬೀಳುವ ಕಡೆಯೆಲ್ಲ ಮೇಜು ಕುಟ್ಟುತ್ತಾ ಹೇಳಿದರು. ಧಾತುವಿನ ಮೇಲೆ ಒತ್ತು ಬಿದ್ದರೆ 'ಒ' ಒಡೆದು 'ವೆ' ಆಗುತ್ತದೆ: ಪ್ವೆದೊ (ನನಗೆ ಸಾಧ್ಯ). ಒತ್ತು ಮುಂದೆ ಜಾರಿದರೆ 'ಒ' ಹಾಗೇ ಇರುತ್ತದೆ: ಪೊದೆಮೊಸ್ (ನಮಗೆ ಸಾಧ್ಯ). ಅರ್ಜೆಂಟೀನಾದವರು 'ವೊಸ್ ಪೊದೆಸ್' (ನಿನಗೆ ಸಾಧ್ಯ) ಅನ್ನುವುದೂ ಅದಕ್ಕೇ, ಅಲ್ಲಿ ಒತ್ತು ಕೊನೆಗೆ ಬೀಳುತ್ತದೆ. 'ಪ್ಯೆನ್ಸೊ' (ಯೋಚಿಸುತ್ತೇನೆ), 'ಪೆನ್ಸಾಮೊಸ್' (ಯೋಚಿಸುತ್ತೇವೆ) ಕೂಡ ಇದೇ ಲೆಕ್ಕ, ಇಲ್ಲಿ 'ಎ' ಒಡೆದು 'ಯೆ' ಆಗುತ್ತದೆ. ಎಷ್ಟು ಸರಳ, ಅಲ್ವಾ? ಅವತ್ತು ನನಗಾದ ಖುಷಿ ಇನ್ನೂ ನೆನಪಿದೆ.

ಪದ ಕಟ್ಟುವ ಪಾಠ ತೀರಾ ಚಿಕ್ಕದು. 'ರಿಕೊ' (ಶ್ರೀಮಂತ) ಇಂದ 'ಎನ್ರಿಕೆಸೆರ್' (ಶ್ರೀಮಂತಗೊಳಿಸು), ಟ್ವೀಟ್‌ನಿಂದ 'ತ್ವಿತೆಆರ್' (ಟ್ವೀಟ್ ಮಾಡು), ಅಷ್ಟರಲ್ಲಿ ಮುಗಿಯಿತು. ಹೊಸದಾಗಿ ಬರುವ ಕ್ರಿಯಾಪದಗಳು ಹೆಚ್ಚುಕಮ್ಮಿ ಎಲ್ಲವೂ 'ಆರ್' ಅಂತ ಮುಗಿಯುವ ಗುಂಪಿಗೇ ಯಾಕೆ ಸೇರುತ್ತವೆ ಅಂತ ಜಾಸ್ತಿ ಹೇಳಬೇಕಿತ್ತು.

ಒಂದು ತಪ್ಪೂ ಇದೆ. 'ನಕ್ಕನು' ಅನ್ನುವ 'ರಿಯೊ' ಪದಕ್ಕೆ ವರ್ಕ್‌ಶೀಟಿನಲ್ಲಿ ಒತ್ತಿನ ಗೆರೆ (ಒತ್ತು ಬೀಳುವ ಸ್ವರದ ಮೇಲೆ ಎಳೆಯುವ ಓರೆ ಗೆರೆ) ಹಾಕಿದ್ದಾರೆ. ಸ್ಪ್ಯಾನಿಷ್ ಅಕಾಡೆಮಿಗಳ 2010ರ ಕಾಗುಣಿತ ನಿಯಮದಲ್ಲಿ ಅದು ಒಂದೇ ಉಚ್ಚಾರಾಂಶದ ಪದ, ಗೆರೆ ಬೇಡ. 'ನಗುತ್ತೇನೆ' ಅನ್ನುವ 'ರೀ-ಒ'ಗೆ ಮಾತ್ರ ಬೇಕು. ಈ ವಿಷಯ ಬರೆದು ಕಳಿಸಿದೆ, ತಿದ್ದುತ್ತೇವೆ ಅಂದಿದ್ದಾರೆ.

ಟೇಬಲ್ ಉರು ಹೊಡೆದು ಸುಸ್ತಾದವರು ನಾಲ್ಕನೇ ಪಾಠಕ್ಕಾಗಿಯಾದರೂ ಸೇರಿಕೊಳ್ಳಿ. ಹೊಸಬರು ವರ್ತಮಾನ, ಭೂತಕಾಲ ಎರಡನ್ನೂ ಮೊದಲು ಕಲಿತು ಬನ್ನಿ. ಇಲ್ಲಿ ಪದಗಳ ಅರ್ಥ ಹೇಳುತ್ತಾ ಕೂರುವುದಿಲ್ಲ.