ಆ್ಯಪಲ್ಲಿ ಬುಕ್ ಮಾಡೋದಾ, ಹೋಟೆಲ್‌ಗೇ ನೇರ ಫೋನ್ ಮಾಡೋದಾ?

ಮೊದ್ಲು ಒಂದ್ ವಿಷ್ಯ ಗೊತ್ತಿರ್ಲಿ, ಬುಕಿಂಗ್ ಡಾಟ್ ಕಾಮ್, ಎಕ್ಸ್‌ಪೀಡಿಯಾ ಥರದ ಸೈಟ್‌ಗಳು ಪ್ರತಿ ಬುಕಿಂಗ್‌ಗೂ ಹೋಟೆಲ್ ಕಡೆಯಿಂದ ಕಮಿಷನ್ ತಗೋತವೆ, ಸಾಮಾನ್ಯವಾಗಿ 15%ರ ಆಸುಪಾಸು, ಕೆಲವು ಕಡೆ ಇನ್ನೂ ಜಾಸ್ತಿ. ಅದಕ್ಕೇ ನೇರ ಫೋನ್ ಮಾಡಿ "ಆ್ಯಪಲ್ಲಿ ಇಷ್ಟು ತೋರಿಸ್ತಿದೆ, ನೀವೆಷ್ಟಕ್ಕೆ ಕೊಡ್ತೀರಾ" ಅಂತ ಕೇಳಿದ್ರೆ ಎಷ್ಟೋ ಸಲ ರೇಟ್ ಇಳಿಯುತ್ತೆ, ಇಲ್ಲಾಂದ್ರೆ ತಿಂಡಿನೋ ಲೇಟ್ ಚೆಕ್‌ಔಟೋ ಸೇರಿಸ್ಕೊಡ್ತಾರೆ. ಸೈಟ್‌ಗಿಂತ ಕಮ್ಮಿ ರೇಟ್ ಹಾಕಬಾರ್ದು ಅಂತ ಹೋಟೆಲ್‌ಗಳಿಗೆ ಕರಾರು ಬೇರೆ ಇರ್ತಿತ್ತು, ಯುರೋಪಲ್ಲಿ 2024ರಲ್ಲಿ ಬುಕಿಂಗ್ ಡಾಟ್ ಕಾಮ್ ಅದನ್ನ ಕೈಬಿಡ್ಬೇಕಾಯ್ತು.

ಹಾಗಂತ ಆ್ಯಪ್ ದಂಡ ಅಂತಲ್ಲ. ಗೊತ್ತಿಲ್ದಿರೋ ಊರು, ಭಾಷೆ ಬರಲ್ಲ, ನಾಲ್ಕು ಹೋಟೆಲ್ ಅಕ್ಕಪಕ್ಕ ಇಟ್ಟು ನೋಡ್ಬೇಕು ಅಂದ್ರೆ ಆ್ಯಪೇ ವಾಸಿ (ರಿವ್ಯೂ ಮಾತ್ರ ಹೊಸದ್ರಿಂದ ಓದಿ, ಹಳೇ ಸ್ಟಾರ್ ನಂಬ್ಬೇಡಿ).

ಪ್ಲಾನ್ ಬದಲಾದಾಗ ನೋಡಿ ಮಜಾ! ಹೋಟೆಲ್‌ನವ್ರು ಆ್ಯಪ್‌ನವ್ರನ್ನ ಕೇಳಿ ಅಂತಾರೆ, ಅವ್ರು ಹೋಟೆಲ್ ಒಪ್ಬೇಕು ಅಂತಾರೆ, ನಡುವೆ ನಿಮ್ ದುಡ್ಡು ಸಿಕ್ಕಾಕೊಂಡಿರುತ್ತೆ. ನನ್ ಪ್ರಕಾರ ಒಂದೇ ರಾತ್ರಿಗೆ ಆ್ಯಪ್ ಸಾಕು, ಮೂರ್ನಾಲ್ಕು ದಿನ ಉಳಿಯೋದಾದ್ರೆ ಫೋನೇ ಮಾಡಿ, ಅಡ್ವಾನ್ಸ್ ಕಳ್ಸೋ ಮುಂಚೆ ರೇಟು, ಕ್ಯಾನ್ಸಲ್ ರೂಲ್ಸ್ ಎರಡೂ ಮೇಲ್‌ನಲ್ಲಿ ಬರೆಸ್ಕೊಳ್ಳಿ.