ಮನೆಬಾಗಿಲ ಕಾರ್ ಡೀಟೇಲಿಂಗ್‌ಗೆ ವ್ಯಾನೋ, ಪಿಕಪ್ಪೋ?

ಗ್ರಾಹಕರ ಮನೆಬಾಗಿಲಿಗೇ ಹೋಗಿ ಕಾರು ತೊಳೆದು ಪಾಲಿಶ್ ಮಾಡುವವರು ವಾಹನ ಆರಿಸುವಾಗ ಮೊದಲು ಲೆಕ್ಕ ಹಾಕಬೇಕಾದದ್ದು ನೀರಿನ ಭಾರವನ್ನು. 400 ಲೀಟರ್ ನೀರೆಂದರೆ 400 ಕಿಲೋ, ಅದರ ಮೇಲೆ ಟ್ಯಾಂಕ್, ಜನರೇಟರ್, ಪ್ರೆಶರ್ ವಾಷರ್ ಹಾಗೂ ಕೂರುವವರ ತೂಕವೂ ಸೇರುತ್ತದೆ. ಅರ್ಧ ತುಂಬಿದ ಟ್ಯಾಂಕಿನ ನೀರು ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುವುದರಿಂದ, ಯಾವ ವಾಹನವಾದರೂ ಒಳಗೆ ಅಡ್ಡತಡೆಗಳಿರುವ ಟ್ಯಾಂಕನ್ನೇ ಭದ್ರವಾಗಿ ಬಿಗಿಯಬೇಕು. ಟ್ಯಾಂಕನ್ನು ಏರಿಸಿ ಇಳಿಸುವುದಕ್ಕೆ ಪಿಕಪ್ ಅನುಕೂಲ, ಆದರೆ ತೆರೆದ ಹಿಂಭಾಗದಲ್ಲಿ ವ್ಯಾಕ್ಸ್ ಬಿಸಿಲಿಗೆ ಕಾಯುತ್ತದೆ, ಮೈಕ್ರೋಫೈಬರ್ ಬಟ್ಟೆಯಲ್ಲಿ ಧೂಳು ಕೂರುತ್ತದೆ, ಆ ಧೂಳಿನ ಒಂದು ಕಣವೂ ಬಣ್ಣದ ಮೇಲೆ ಗೀರು ಎಳೆಯಬಲ್ಲದು. ವ್ಯಾನಿನಲ್ಲಿ ಎಲ್ಲವೂ ಬೀಗದೊಳಗಿರುತ್ತದೆ. ಜನರೇಟರನ್ನು ಮಾತ್ರ ಅದರೊಳಗೆ ಓಡಿಸಲೇಬಾರದು, ಏಕೆಂದರೆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ. ಪಾಲಿಶ್, ಕೋಟಿಂಗ್ ಕೆಲಸವೇ ಹೆಚ್ಚಿರುವವರಿಗೆ ನಾನು ವ್ಯಾನನ್ನೇ ಸೂಚಿಸುತ್ತೇನೆ. ಬರೀ ತೊಳೆಯುವ ಕೆಲಸಕ್ಕೆ ಪಿಕಪ್ ಸಾಕು.