ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್: ಎಂಟು ಭಾನುವಾರ ಕೂತವನ ವರದಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಲ್ಲಿಗೆ ಹೋಗಿದ್ದು ಕಾಫಿಗಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಅಪ್ಪಯ್ಯನಿಗೆ 74. ಮೇ ತಿಂಗಳಲ್ಲಿ ಫೋನ್ ಮಾಡಿ, "ನೀನೇ ಬಂದು ನೋಡ್ಕೊಳ್ತೀಯೋ, ಚೇಣಿಗೆ ಕೊಡೋದೋ, ಹೇಳು" ಅಂದರು. ಚೇಣಿ ಅಂದರೆ ತೋಟದ ಫಸಲನ್ನು ಬೇರೆಯವರಿಗೆ ಗುತ್ತಿಗೆ ಕೊಡುವುದು. ಮನೆಯಲ್ಲಿ ಯೋಚಿಸೋಣ ಅಂತ ಕೂತರೆ ಕುಕ್ಕರ್ ಕೂಗುತ್ತದೆ, ಮಗಳು ಲೆಕ್ಕದ ಪುಸ್ತಕ ಹಿಡಿದು ಬರುತ್ತಾಳೆ. ಅದಕ್ಕೇ ಒಂದು ಭಾನುವಾರ ಎಂ.ಜಿ. ರಸ್ತೆ ಮೆಟ್ರೋದಲ್ಲಿ ಇಳಿದು ನಡೆದೆ.

ದರ್ಶಿನಿಯಲ್ಲಿ ಯೋಚನೆ ಆಗುವುದಿಲ್ಲ. ನಿಂತುಕೊಂಡು ನಾಲ್ಕು ನಿಮಿಷದಲ್ಲಿ ಕುಡಿದು ಮುಗಿಸಬೇಕು, ಹಿಂದೆ ಒಬ್ಬರು ತಟ್ಟೆ ಹಿಡಿದು ನಿಮ್ಮ ಜಾಗವನ್ನೇ ನೋಡುತ್ತಿರುತ್ತಾರೆ. ಇಲ್ಲಿ ಹಾಗಲ್ಲ. ಪೇಟ ಕಟ್ಟಿದ ಬೇರರ್ ಬಂದು ಕಾಫಿ ಇಟ್ಟು ಹೋಗುತ್ತಾರೆ. ಆಮೇಲೆ ನೀವುಂಟು, ನಿಮ್ಮ ಕಪ್ಪು ಉಂಟು. ಸ್ಕ್ರ್ಯಾಂಬಲ್ಡ್ ಎಗ್ ಚೆನ್ನಾಗಿರುತ್ತದೆ. ಕಟ್ಲೆಟ್ ಬಗ್ಗೆ ಆಮೇಲೆ ಹೇಳುತ್ತೇನೆ.

ಇದು ನೌಕರರೇ ನಡೆಸುವ ಹೋಟೆಲು. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಅಲ್ಲಿನ ಕೆಲಸಗಾರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆಂಬಲದಿಂದ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲನೆಯ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲೇ, 1957ರಲ್ಲಿ. ಈ ಹೋಟೆಲು ಎಂ.ಜಿ. ರಸ್ತೆಯಲ್ಲಿ ಐವತ್ತು ವರ್ಷ ಇದ್ದು, 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಕೆಲಸ ಹೋಗುತ್ತಿದ್ದಾಗ ಅವರೂ ನನ್ನ ಹಾಗೆ "ನೋಡೋಣ" ಅಂತ ಕೂತಿದ್ದರೆ ನನಗೆ ಕೂರಲು ಕುರ್ಚಿಯೇ ಇರುತ್ತಿರಲಿಲ್ಲ, ಅಲ್ವಾ?

ನನ್ನ ನೋಟ್‌ಬುಕ್ ತೆಗೆದು ನೋಡಿದರೆ ಎಲ್ಲ ಗೊತ್ತಾಗುತ್ತದೆ. ಮೊದಲ ಭಾನುವಾರ ಎರಡು ಪುಟ: ಸಂಬಳ, ಮನೆ ಸಾಲದ ಕಂತು, ಮಗಳ ಶಾಲೆ, ಮರ ಹತ್ತಿ ಅಡಿಕೆ ಇಳಿಸುವ ಕೊನೆಗಾರರು ಸಿಗದೇ ಇರುವುದು, ಎಲೆಚುಕ್ಕಿ ರೋಗ. ಎರಡನೇ ವಾರ ಅಷ್ಟಕ್ಕೂ ಲೆಕ್ಕ ಹಾಕಿದ್ದೆ. ಮೂರನೇ ವಾರ ಅದನ್ನೇ ಇನ್ನೂ ದುಂಡಗೆ ಬರೆದು, ಕೆಳಗೆ ಗೆರೆ ಎಳೆದಿದ್ದೇನೆ. ಐದನೇ ವಾರ ಒಂದು ಅಡಿಕೆ ಮರದ ಚಿತ್ರ ಇದೆ. ಗೊನೆ ಸಮೇತ. ಹೊಸದಾಗಿ ಒಂದಕ್ಷರ ಇಲ್ಲ. ಮನೆಯಲ್ಲಿ ಕೇಳಿದರೆ ಮಾತ್ರ "ಯೋಚನೆ ಮಾಡ್ತಿದೀನಿ" ಅಂತಿದ್ದೆ.

ಅಷ್ಟರಲ್ಲಿ ಊರಲ್ಲಿ ಮಳೆ ಹಿಡಿಯಿತು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆರೋಗಕ್ಕೆ, ಮೈಲುತುತ್ತು-ಸುಣ್ಣ ಕಲಸಿದ ಬೋರ್ಡೋ ಔಷಧಿ ಹೊಡೆಸುವುದಿದ್ದರೆ ಮಳೆ ಜೋರಾಗುವ ಮುಂಚೆ ಆಗಬೇಕು. ಆ ಖರ್ಚು ನಮ್ಮದೋ ಚೇಣಿಯವನದೋ ಅಂತ ಗೊತ್ತಾಗದೆ ಅಪ್ಪಯ್ಯ ನನ್ನ ಮಾತಿಗೆ ಕಾದರು. ಮೈಲುತುತ್ತು, ಸುಣ್ಣ ಎರಡೂ ಕೊಟ್ಟಿಗೆಯಲ್ಲಿ ಹಾಗೇ ಇದ್ದವು.

ಎಂಟನೇ ಭಾನುವಾರ ಕಟ್ಲೆಟ್ ತರಿಸಿಕೊಂಡು ಕೂತಿದ್ದಾಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಅಪ್ಪಯ್ಯನ ಅಂಗೈಯಲ್ಲಿ ಏಳು ಹಸಿ ಅಡಿಕೆ, ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪಗಾಗಿದ್ದವು. ಕೆಳಗೆ ಏನೂ ಬರೆದಿರಲಿಲ್ಲ. ಹೊರಗೆ ಬಂದು ಫೋನ್ ಮಾಡಿದೆ.

"ಹೂಂ ಅಂತಾದ್ರೂ ಹೇಳು, ಉಹೂಂ ಅಂತಾದ್ರೂ ಹೇಳು ಮಾರಾಯ" ಅಂದರು.

"ಈ ವರ್ಷ ಚೇಣಿಗೆ ಕೊಡಿ ಅಪ್ಪಯ್ಯ. ಔಷಧಿ ಖರ್ಚು ನಾನು ಕೊಡ್ತೀನಿ, ನಾಳೆನೇ ಹೊಡೆಸಿ."

ಎರಡು ನಿಮಿಷದ ಮಾತು. ಎರಡನೇ ವಾರದ ಲೆಕ್ಕದಲ್ಲೂ ಇದೇ ಉತ್ತರ ಇತ್ತು. ಒಳಗೆ ಬಂದಾಗ ಕಟ್ಲೆಟ್ ತಣ್ಣಗಾಗಿತ್ತು.

ಯೋಚಿಸಲು ಜಾಗ ಹುಡುಕುತ್ತಿದ್ದರೆ ಖಂಡಿತ ಹೋಗಿ. ಮೊದಲ ಎರಡು ಭಾನುವಾರಕ್ಕೆ ಐದಕ್ಕೆ ಐದು. ಉಳಿದ ಆರು ವಾರದ ಮಾರ್ಕು ನನ್ನ ಲೆಕ್ಕದಲ್ಲಿ ಕಳೆಯಿರಿ, ಪಾಪ, ಬೇರರ್ ಏನು ಮಾಡಿಯಾರು. ಒಂಬತ್ತನೇ ವಾರ ಮಗಳನ್ನು ಕರೆದುಕೊಂಡು ಸುಮ್ನೆ ತಿನ್ನೋಕೆ ಹೋದೆ, ನೋಟ್‌ಬುಕ್ ಒಯ್ದಿರಲಿಲ್ಲ. ಬಿಸಿ ಇರುವಾಗ ತಿಂದರೆ ಕಟ್ಲೆಟ್ ಬಹಳ ಚೆನ್ನಾಗಿದೆ.